ಗುರುತು ದೃಢಪಟ್ಟಿಲ್ಲ

ಕ್ಷಯರೋಗಿಗಳ ಮನೆಗೆ ಫೋನು ಮಾಡಿದಾಗ ಮೊದಲ ಮಾತು ಏನಿರಬೇಕು ಎಂದು ಬರೆದುಕೊಟ್ಟವಳು ನಾನು. ಒಂದೂವರೆ ಪುಟ. ಅದನ್ನು ರೋಣದ ನನ್ನ ಬಾಡಿಗೆ ಕೋಣೆಯಲ್ಲಿ ಎರಡು ಭಾನುವಾರ ಕೂತು ಬರೆದೆ ಎಂದು ಡೈರಿ ಹೇಳುತ್ತದೆ. ನನ್ನ ನೆನಪಿನಲ್ಲಿರುವುದು ಒಂದೇ ಮಧ್ಯಾಹ್ನ. ಅವಸರದಲ್ಲಿ ತಪ್ಪಾಯಿತು ಎಂದುಕೊಂಡರೆ ಮನಸ್ಸಿಗೆ ಹಗುರ. ನೆನಪು ಅದಕ್ಕೇ ಒಂದು ಭಾನುವಾರವನ್ನು ನುಂಗಿರಬೇಕು. ಡೈರಿಯನ್ನೇ ನಂಬುತ್ತೇನೆ. ನಾನು ಅವಸರ ಮಾಡಿರಲಿಲ್ಲ. ಯೋಚಿಸಿಯೇ ಬರೆದಿದ್ದೆ.

ನಾನು ಕಾಲೇಜಿನಲ್ಲಿ ಕಲಿಸುವುದು ವ್ಯವಹಾರ ಸಂವಹನ: ಪತ್ರ ಬರೆಯುವುದು, ಗ್ರಾಹಕರೊಡನೆ ಫೋನಿನಲ್ಲಿ ಮಾತಾಡುವುದು, ದೂರು ಕೇಳಿಸಿಕೊಳ್ಳುವುದು. ಕೆಲವು ವರ್ಷಗಳಿಂದ ಅದೇ ವಿದ್ಯೆಯನ್ನು ಆರೋಗ್ಯದ ಕಡೆಗೂ ಹೊರಳಿಸಿದ್ದೆ. ರೋಣ, ನರಗುಂದ, ಗಜೇಂದ್ರಗಡ ತಾಲ್ಲೂಕುಗಳ ಕ್ಷಯರೋಗಿಗಳು ನಡುವೆ ಗುಳಿಗೆ ಬಿಡದಂತೆ ಫೋನಿನ ಮೂಲಕ ನೋಡಿಕೊಳ್ಳುವ ಯೋಜನೆಯೊಂದು ಬಂದಾಗ, ಅದರ ಸಂಯೋಜಕರಾಗಿದ್ದ ವೈದ್ಯರು ನನ್ನನ್ನು ಸೇರಿಸಿಕೊಂಡರು. ಕೆಲಸ ಎರಡು ಬಗೆಯದು. ದಿನಾ ಮುಂಜಾನೆ ಎಲ್ಲರ ಫೋನಿಗೂ ರೋಗದ ಹೆಸರಿಲ್ಲದ ಒಂದು ಧ್ವನಿಮುದ್ರಿತ ಸಂದೇಶ ಹೋಗುತ್ತಿತ್ತು. ‘ಗುಳಿಗಿ ಒಂದು ದಿನಾನೂ ತಪ್ಪಿಸಬ್ಯಾಡ್ರಿ, ಏನ ಆದ್ರೂ ನಡುವ ಬಿಡಬ್ಯಾಡ್ರಿ’ ಎಂದು ಹೇಳುವ ಆ ಧ್ವನಿ ನನ್ನದೇ. ಅದಲ್ಲದೆ ವಾರಕ್ಕೊಮ್ಮೆ ಮೂವರು ಹೆಣ್ಣುಮಕ್ಕಳು ಒಂದೊಂದೇ ಮನೆಗೆ ಫೋನು ಮಾಡಿ, ರೋಗಿಗೆ ಊಟ ಸೇರುತ್ತಿದೆಯೇ, ವಾಂತಿ ಇದೆಯೇ, ಗುಳಿಗೆ ಎಷ್ಟು ಉಳಿದಿವೆ ಎಂದು ವಿಚಾರಿಸಬೇಕಿತ್ತು. ನಾನು ಬರೆದದ್ದು ಆ ಕರೆಯ ಮಾತುಗಳನ್ನು.

ಈ ಕಾಯಿಲೆ ಸುದ್ದಿಯಾದರೆ ನಿಶ್ಚಯವಾದ ಮದುವೆ ಮುರಿಯುತ್ತದೆ, ಚಹಾದಂಗಡಿಯಲ್ಲಿ ಲೋಟ ಬೇರೆಯಾಗುತ್ತದೆ. ಫೋನು ಎತ್ತಿದವರು ಯಾರೆಂದು ತಿಳಿಯದೆ ರೋಗದ ಮಾತು ಎತ್ತಬಾರದು. ಅದಕ್ಕೆ ನಾನು ಬ್ಯಾಂಕಿನ ಗ್ರಾಹಕ ಸೇವೆಯ ಪದ್ಧತಿಯನ್ನು ತಂದುಕೊಂಡೆ. ಅದು ನನಗೆ ಬಾಯಿಪಾಠವಿತ್ತು. ಊರಿನಲ್ಲಿ ಎಲ್ಲರೂ ನನ್ನನ್ನು ಮೇಡಂ ಎನ್ನುತ್ತಾರೆ. ಆ ವರ್ಷ ನನ್ನ ಪೂರ್ತಿ ಹೆಸರು ಹಿಡಿದು ಮಾತಾಡಿಸಿದವರು ಬ್ಯಾಂಕಿನವರೊಬ್ಬರೇ. ನಿಯಮ ಹೀಗಿತ್ತು: ಕರೆ ಮಾಡುವವರು ರೋಗಿಯ ಹೆಸರು ಹೇಳುವಂತಿಲ್ಲ, ಎತ್ತಿದವರೇ ರೋಗಿಯ ಹೆಸರು, ವಯಸ್ಸು ಹೇಳಬೇಕು. ಹೇಳದಿದ್ದರೆ ಮತ್ತೇನೂ ಕೇಳದೆ ‘ಗುರುತು ದೃಢಪಟ್ಟಿಲ್ಲ’ ಎಂದು ಬರೆದು ಫೋನು ಇಡಬೇಕು. ಮೂರು ಸಲ ಹಾಗಾದರೆ ಆ ನಂಬರನ್ನು ಪಟ್ಟಿಯಿಂದ ತೆಗೆದು ಬೇರೊಂದು ಪಟ್ಟಿಗೆ ಸೇರಿಸಬೇಕು. ಆ ಬೇರೊಂದು ಪಟ್ಟಿಯನ್ನು ಯಾರು ಓದಬೇಕೆಂದು ನಾನು ಬರೆದಿರಲಿಲ್ಲ.

ಕರೆ ಮಾಡುವವರಲ್ಲಿ ಹಿರಿಯಳು ನರಗುಂದದಾಕೆ. ನಲವತ್ತು ದಾಟಿದ್ದಳು, ಮೊದಲು ಹಳ್ಳಿ ಹಳ್ಳಿ ತಿರುಗಿ ಬಾಣಂತಿಯರನ್ನು ನೋಡಿಕೊಂಡಿದ್ದವಳು. ಮೊದಲ ವಾರಗಳಲ್ಲಿ ನಾನು ಬಸ್ಸಿನಲ್ಲಿ ನರಗುಂದಕ್ಕೆ ಹೋಗಿ, ಆಕೆಯ ಪಕ್ಕ ಕೂತು, ಕೆಲವು ಧ್ವನಿಮುದ್ರಣಗಳನ್ನು ತೆಗೆದು ಪರೀಕ್ಷಿಸುತ್ತಿದ್ದೆ. ಜಕ್ಕಲಿಯ ಒಂದು ಮನೆಗೆ ಹೋದ ಕರೆ ಮಿತಿಗಿಂತ ಉದ್ದವಿತ್ತು. ನಡುವೆ ನಗು, ಹರಟೆ. ನಾನು ಸೆಕೆಂಡುಗಳನ್ನು ಬರೆದುಕೊಂಡೆ. ಮಾತನ್ನು ಪೂರ್ತಿ ಕೇಳಿದೆನೇ ಎಂದು ಈಗ ಪ್ರಮಾಣ ಮಾಡಿ ಹೇಳಲಾರೆ.

‘ಇದೇನು ಹರಟಿಕಟ್ಟಿ ಅಲ್ಲ. ಕಾಗದದ ಮ್ಯಾಲ ಏನೈತಿ ಅಷ್ಟ ಓದಬೇಕು’ ಎಂದೆ.

‘ಹಂಗಲ್ರಿ ಮೇಡಂ, ಆಕಿ...’

‘ಒಬ್ರಿಗೆ ಸಡ್ಲ ಬಿಟ್ರ ಎಲ್ಲಾರಿಗೂ ಬಿಡಬೇಕಾಗ್ತೈತಿ.’

‘ಆತ್ರಿ. ಅಷ್ಟ ಓದ್ತೀನಿ’ ಎಂದಳು. ಆಕೆ ಕೊಟ್ಟ ಮಾತನ್ನು ಉಳಿಸಿಕೊಂಡಳು.

ಮೂರನೆಯ ತಿಂಗಳ ಹೊತ್ತಿಗೆ ‘ಗುರುತು ದೃಢಪಟ್ಟಿಲ್ಲ’ ಎಂಬ ಸಾಲುಗಳು ಬಹಳವಾದವು. ಮಧ್ಯಂತರ ವರದಿ ಬರೆಯಬೇಕಿತ್ತು. ಕುಟುಂಬದವರು ರೋಗಿಯನ್ನು ತಮ್ಮವನೆಂದು ಒಪ್ಪಿಕೊಳ್ಳಲು ಹಿಂಜರಿಯುತ್ತಾರೆ, ಕಳಂಕದ ಭಯ ಫೋನಿನಲ್ಲೂ ಕಾಣುತ್ತದೆ ಎಂದು ಬರೆದೆ. ಯೋಜನೆಯ ಪರಿಶೀಲನಾ ಸಮಿತಿಗೆ ಅದು ಹಿಡಿಸಿತು. ಇದನ್ನೇ ಬೆಳೆಸಿ ಪ್ರಬಂಧ ಮಾಡಿ ಎಂದರು. ಅಂದಿನ ಡೈರಿಯಲ್ಲಿ ‘ಸಂತೋಷ’ ಎಂಬ ಒಂದೇ ಪದವಿದೆ. ಯಾರಿಗಾದರೂ ಹೇಳಬೇಕೆನ್ನಿಸಿ ಫೋನಿನ ಹೆಸರುಗಳನ್ನು ಮೇಲೆ ಕೆಳಗೆ ಸರಿಸಿ ನೋಡಿ, ಕೊನೆಗೆ ಯಾರಿಗೂ ಮಾಡಲಿಲ್ಲ ಎಂಬುದು ಡೈರಿಯಲ್ಲಿಲ್ಲ. ಅದು ನನಗೆ ಚೆನ್ನಾಗಿ ನೆನಪಿದೆ.

ಪ್ರಬಂಧಕ್ಕಾಗಿ ಒಂದು ಭಾನುವಾರ ಬೆಳಿಗ್ಗೆ ಆ ಕರೆಗಳನ್ನು ವಿಂಗಡಿಸತೊಡಗಿದೆ. ರೋಗಿ ಗಂಡೋ ಹೆಣ್ಣೋ, ಫೋನು ಎತ್ತಿದವರು ಯಾರು ಎಂದು ಎರಡು ಕಾಲಂ ಮಾಡಿದೆ. ಕಳಂಕವೆಂದಾದರೆ ಹೆಂಡತಿಯ ರೋಗವನ್ನು ಗಂಡ ಮುಚ್ಚಿಡಬೇಕಲ್ಲ. ಹಾಗಿರಲಿಲ್ಲ. ಗಂಡ ಫೋನು ಎತ್ತಿದ ಕಡೆ ಹೆಂಡತಿಯ ಹೆಸರು ತಟ್ಟನೆ ಬಂದಿತ್ತು. ದೃಢಪಡದ ಸಾಲುಗಳಲ್ಲಿ ಬಹುತೇಕ ರೋಗಿ ಗಂಡ, ಫೋನು ಎತ್ತಿದವಳು ಹೆಂಡತಿ. ಅದೂ ವಯಸ್ಸಾದ ಹೆಂಡತಿ. ನನಗೆ ಅರ್ಥವಾಗಲಿಲ್ಲ. ಅಂಥ ವಯಸ್ಸಿನ ಹೆಂಗಸು ಎತ್ತಿ, ಗುರುತು ದೃಢಪಟ್ಟ ಕರೆ ಒಂದಾದರೂ ಇದೆಯೇ ಎಂದು ಹುಡುಕಿದೆ. ಸಿಕ್ಕಿದ್ದು ಜಕ್ಕಲಿಯದು, ನಾನು ಬೈದ ಕರೆ.

‘ಪೇಷಂಟ್ ಹೆಸರು ಹೇಳ್ರಿ’ ಎನ್ನುತ್ತಾಳೆ ನರಗುಂದದಾಕೆ.

‘ಅಯ್ಯ ನಮ್ಮವ್ವ! ಅವ್ರ ಹೆಸರ ನಾ ಹ್ಯಾಂಗ ಹೇಳ್ಲಿ?’

‘ಹೇಳಬೇಕಬೇ. ಇಲ್ಲಂದ್ರ ಮುಂದ ಮಾತಾಡಾಕ ಬರೂದಿಲ್ಲ ನಮಗ.’

‘ಹಂಗಾರ ತಡಿ, ಒಡಪಿನ್ಯಾಗ ಇಟ್ಟು ಹೇಳ್ತೀನಿ’ ಎಂದು ಆ ಹೆಂಗಸು ಗಂಟಲು ಸರಿಮಾಡಿಕೊಂಡು, ಮದುವೆ ಮನೆಯ ಹೊಸ್ತಿಲಲ್ಲಿ ಮದುಮಗಳು ನಿಂತು ಗಂಡನ ಹೆಸರನ್ನು ಪ್ರಾಸದಲ್ಲಿ ಹೆಣೆದು ಹೇಳುವ ಧಾಟಿಯಲ್ಲೇ ಹೇಳುತ್ತಾಳೆ: ‘ಬಿಳಿ ಜ್ವಾಳದ ರೊಟ್ಟಿ, ಎಣ್ಣಿ ಬದನಿಕಾಯಿ ಪಲ್ಯ, ಶಂಕ್ರಪ್ಪನವ್ರು ಉಣ್ಣಾಕ ಕುಂತ್ರ ಲಗೂ ಏಳೂದ ಇಲ್ಲ!’ (ಹೆಸರು ಬದಲಿಸಿದ್ದೇನೆ.) ಇಬ್ಬರೂ ನಗುತ್ತಾರೆ. ಆಮೇಲೆ ವಯಸ್ಸು, ಊಟ, ಗುಳಿಗೆ, ಎಲ್ಲ ಸರಾಗ.

ನಾನು ಯಂತ್ರ ನಿಲ್ಲಿಸಿ ಕೂತೆ. ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ನನ್ನ ತಾಯಿ ಅಪ್ಪನನ್ನು ಕೊನೆಯವರೆಗೂ ‘ಇವ್ರು’ ಎಂದೇ ಕರೆದಳು. ಅಂಚೆಯವನು ಯಾರ ಮನೆ ಎಂದು ಕೇಳಿದರೆ ಹಳೆಯ ಲಕೋಟೆ ತಂದು ತೋರಿಸುತ್ತಿದ್ದಳು. ಗಂಡನ ಹೆಸರು ಹಿಡಿದರೆ ಅವನ ಆಯುಷ್ಯ ಕಡಿಮೆ ಎಂದು ನಂಬಿದ ಮನೆಯಲ್ಲಿ ಬೆಳೆದು, ಗಂಡ ಕಾಯಿಲೆ ಬಿದ್ದ ಮನೆಗಳಿಗೆ ಫೋನು ಮಾಡಿಸಿ, ಹೆಸರು ಹೇಳಿದರೆ ಮಾತ್ರ ಮಾತು ಎಂದು ಬರೆದಿದ್ದೆ. ನಾನು ಮದುವೆಯಾದವಳಲ್ಲ. ನನ್ನ ನಾಲಿಗೆ ತಡೆದುಕೊಳ್ಳಬೇಕಾದ ಹೆಸರು ಯಾವುದೂ ಇರಲಿಲ್ಲ. ಇದು ಕಾರಣವೋ ನೆಪವೋ ಇನ್ನೂ ತೀರ್ಮಾನವಾಗಿಲ್ಲ.

ಆಮೇಲೆ ಮೂರು ಸಲವಾಗಿ ಪಟ್ಟಿಯಿಂದ ಹೊರಬಿದ್ದ ನಂಬರುಗಳನ್ನು ಒಂದೊಂದಾಗಿ ಕೇಳಿದೆ. ನಾಲ್ಕನೆಯದೋ ಐದನೆಯದೋ ಗಜೇಂದ್ರಗಡದ ಒಬ್ಬ ನೇಕಾರನ ಮನೆಯದು.

ಮೊದಲ ಕರೆಯಲ್ಲಿ ಹಿಂದೆ ಮಗ್ಗದ ಸದ್ದಿದೆ. ‘ನಮ್ಮನಿಯವ್ರರಿ’ ಎನ್ನುತ್ತಾಳೆ ಹೆಂಡತಿ. ‘ಹೆಸರು ಬೇಕ್ರಿ’ ಎಂದರೆ, ‘ಅದ ರಿ, ನಮ್ಮನಿಯವ್ರು. ಮಗ್ಗದ ಮ್ಯಾಲ ಕುಂತಾರ. ಕಿವಿ ಮಂದ ಅವ್ರಿಗೆ, ಫೋನಿನ್ಯಾಗ ಕೇಳಸೂದಿಲ್ರಿ.’ ಅಲ್ಲಿಗೆ ಮುಗಿಯಿತು. ಎರಡನೆಯದರಲ್ಲಿ ‘ರೇಣುಕಾನ ಅಪ್ಪಾರಿ. ಕೂಳ ಸೇರವಲ್ದ್ರಿ ಅವ್ರಿಗೆ’ ಎನ್ನುತ್ತಾಳೆ. ಅದರಲ್ಲೂ ಮಗ್ಗದ ಸದ್ದು ಸಣ್ಣಗೆ ಇತ್ತೆಂದು ಅಂದಿನ ಟಿಪ್ಪಣಿಯಲ್ಲಿದೆ. ಇರಲಿಲ್ಲ ಎಂದು ನನ್ನ ನೆನಪು. ಮೂರನೆಯದರ ಬಗ್ಗೆ ಎರಡಕ್ಕೂ ಜಗಳವಿಲ್ಲ. ಅದರಲ್ಲಿ ಯಾವ ಸದ್ದೂ ಇಲ್ಲ.

‘ಬಾಯಾರ, ಫೋನ್ ಇಡಬ್ಯಾಡ್ರಿ. ಕಣ್ಣು ಹಳದಿ ಆಗ್ಯಾವು. ದಿನಾ ವಾಂತಿ. ಗುಳಿಗಿ ಕೊಡಬೇಕೋ ಬ್ಯಾಡೋ, ಅಷ್ಟ ಹೇಳ್ರಿ.’

‘ಹೆಸರು ಒಂದ ಹೇಳ ಯವ್ವಾ. ಹೇಳಿದ್ರ ಎಲ್ಲಾ ಹೇಳ್ತೀನಿ.’ ಬೇಡಿಕೊಳ್ಳುವ ದನಿ ಅದು. ಆಮೇಲೆ ಉಸಿರಾಟ ಮಾತ್ರ. ಆಮೇಲೆ ಕರೆ ಕಡಿದ ಸದ್ದು.

ಆ ಕರೆ ಹೋಗಿ ಹನ್ನೆರಡು ದಿನವಾಗಿತ್ತು. ನಾನು ವೈದ್ಯಳಲ್ಲ, ಆದರೆ ಕ್ಷಯದ ಗುಳಿಗೆ ಕೆಲವರ ಯಕೃತ್ತಿಗೆ ಪೆಟ್ಟು ಕೊಡುತ್ತದೆ, ಕಣ್ಣು ಹಳದಿಯಾದರೆ ಗುಳಿಗೆ ತಕ್ಷಣ ನಿಲ್ಲಿಸಿ ದವಾಖಾನೆಗೆ ಬರಬೇಕು ಎಂಬುದು ನಾವೇ ಕರೆ ಮಾಡುವವರಿಗೆ ಹೇಳಿಕೊಟ್ಟ ಪಾಠ. ಸಂಯೋಜಕರಿಗೆ ಫೋನು ಮಾಡಿದೆ. ಅವರು, ‘ಮೊದಲ ಗುಳಿಗಿ ನಿಲ್ಲಸ್ರಿ. ಮನಿಗೆ ಆಳು ಕಳಸ್ತೀನಿ’ ಎಂದರು. ಆ ನಂಬರು ಸಂಪರ್ಕಕ್ಕೆ ಸಿಗಲಿಲ್ಲ. ಸಂಜೆ ಹೊತ್ತಿಗೆ ಗಜೇಂದ್ರಗಡದ ಆರೋಗ್ಯ ಕಾರ್ಯಕರ್ತನಿಂದ ಉತ್ತರ ಬಂತು: ಮನೆಗೆ ಬೀಗ.

ನಡುವೆ ನರಗುಂದದಾಕೆಗೂ ಫೋನು ಮಾಡಿದ್ದೆ.

‘ಕಣ್ಣು ಹಳದಿ ಅಂದಾಗರ ನನಗ ಹೇಳಬಾರದಿತ್ತೇನವಾ?’

‘ಷರಾದಾಗ ಬರದೇನಲ್ರಿ. ನೋಡ್ರಿ, ಅಲ್ಲೇ ಐತಿ.’

ಇತ್ತು. ದೃಢಪಡದ ಕರೆಗಳ ಷರಾ ಕಾಲಂ ವರದಿಗೆ ಬರುವುದಿಲ್ಲ. ಆ ನಮೂನೆಯೂ ನನ್ನದೇ.

‘ಹೆಸರು ಯಾಕ ಹೇಳಂಗಿಲ್ಲ ಅವರು ಅಂತ ಗೊತ್ತಿತ್ತಲ್ಲ ನಿನಗ?’

‘ಗೊತ್ತಿರಲಾರದ ಏನ್ರಿ? ನಾನೂ ನಮ್ಮನಿಯವ್ರ ಹೆಸರ ಹೇಳಂಗಿಲ್ಲ. ಅದನ್ನ ನಿಮಗ ಹೇಳಾಕ ಬಂದಿದ್ದೆ ಅವತ್ತ. ನೀವ ಬೈದ್ರಿ.’ ಆಮೇಲೆ, ‘ಮೂರು ಹೆಸರು ನಾವ ಓದಿದ್ರಾತು ಮೇಡಂ. ಎರಡು ಸುಳ್ಳ, ಒಂದು ಖರೇ. ಎಷ್ಟನೇದು ಅಂತ ಅವರು ಹೇಳ್ತಾರ. ಹೆಸರು ಹಿಡದಂಗೂ ಆಗೂದಿಲ್ಲ, ಗುಟ್ಟು ಒಡದಂಗೂ ಆಗೂದಿಲ್ಲ’ ಎಂದಳು.

ಒಂದೂವರೆ ಪುಟಕ್ಕೆ ಉತ್ತರ ಎರಡು ಸಾಲಿನಲ್ಲಿ ಬಂದಿತ್ತು. ನಿಯಮ ಬದಲಿಸಲು ಸಮಿತಿಯ ಒಪ್ಪಿಗೆ ಬೇಕು, ಸಭೆ ಗುರುವಾರ. ನಾಳೆಯಿಂದಲೇ ಹಾಗೆ ಮಾಡಿ, ಪಟ್ಟಿಯಿಂದ ತೆಗೆದ ಎಲ್ಲರಿಗೂ ಮೊದಲು ಮಾಡಿ, ಕೇಳಿದರೆ ನಾನು ಹೇಳಿದೆ ಎನ್ನಿ ಎಂದು ಮೂವರಿಗೂ ಬರೆದು ಕಳಿಸಿದೆ. ಇಷ್ಟು ವರ್ಷಗಳ ಕೆಲಸದಲ್ಲಿ ಒಪ್ಪಿಗೆಯಿಲ್ಲದೆ ನಾನು ಮಾಡಿದ್ದು ಅದೊಂದೇ.

ಮರುದಿನ ರೋಣದಿಂದ ಮೊದಲ ಬಸ್ಸು ಹಿಡಿದು ಗಜೇಂದ್ರಗಡಕ್ಕೆ ಹೋದೆ. ಮನೆ ಮನೆಯಲ್ಲೂ ಮಗ್ಗ ಆಡುತ್ತಿದ್ದ ಓಣಿ. ಒಂದು ಮನೆ ಮಾತ್ರ ಸುಮ್ಮನಿತ್ತು. ಪಕ್ಕದ ಕಟ್ಟೆಯ ಮೇಲೆ ನೂಲು ಬಿಡಿಸುತ್ತಿದ್ದ ಮುದುಕ ತಲೆ ಎತ್ತಿದ.

‘ಅವ್ರಿಲ್ರಿ. ಕಾಮಣಿ ಆಗಿ ಮೈಯೆಲ್ಲಾ ಹಳದಿ ಆಗೇತಂತ ಗಿಡದ ತಪ್ಪಲ ಔಷಧ ಹಾಕ್ಸಾಕ ಪುರ್ತಗೇರಿಗೆ ಹೋಗ್ಯಾರ. ಆಕಿ ತವರುಮನಿ ಐತಿ ಅಲ್ಲಿ. ನೀವ್ಯಾರ್ರಿ, ಬೀಗರೇನು?’

ಅಲ್ಲ ಎಂದೆ.

‘ಮತ್ತ ಯಾರ್ರಿ?’

ಯಾವ ಕಾಯಿಲೆಗಾಗಿ ಬಂದೆನೆಂದು ಓಣಿಯಲ್ಲಿ ನಿಂತು ಹೇಳುವಂತಿರಲಿಲ್ಲ. ‘ಪರಿಚಯದವರು’ ಎಂದೆ. ಆತ ನಂಬಲಿಲ್ಲ. ನಂಬುವಂತೆಯೂ ಇರಲಿಲ್ಲ.

ಸಂಯೋಜಕರಿಗೆ ಫೋನಿನಲ್ಲಿ ಊರು ತಿಳಿಸಿ, ಪುರ್ತಗೇರಿಗೆ ಟಂಟಂ ರಿಕ್ಷಾದಲ್ಲಿ ಹೋದೆ. ಆಕೆಯ ಅಣ್ಣನ ಮನೆ ಸಿಗಲು ಹೊತ್ತು ಹಿಡಿಯಲಿಲ್ಲ. ಪಡಸಾಲೆಯಲ್ಲಿ ಹೊರಸಿನ ಮೇಲೆ ಆತ ಮಲಗಿದ್ದ. ಕಣ್ಣಷ್ಟೇ ಅಲ್ಲ, ಅಂಗೈಯೂ ಹಳದಿ. ತಲೆದಿಂಬಿನ ಪಕ್ಕ ನಮ್ಮ ಯೋಜನೆಯ ಗುಳಿಗೆ ಚೀಲ. ಅದನ್ನು ಬಿಚ್ಚಿ ಎಣಿಸಿದೆ. ಒಂದೂ ತಪ್ಪಿರಲಿಲ್ಲ. ಬೆಳಿಗ್ಗೆಯದೂ ಆಗಿತ್ತು.

ನಾನು ದವಾಖಾನೆಯ ಯೋಜನೆಯವಳೆಂದು ಹೇಳಿದೆನೋ ಇಲ್ಲವೋ, ಹೆಂಡತಿ ನನ್ನ ಮುಖವನ್ನೇ ನೋಡಿದಳು.

‘ನೀವು ಫೋನಿನ್ಯಾಕಿ ಅಲ್ಲೇನ್ರಿ? ಮುಂಜಾನಿ ಮಾತಾಡಾಕಿ?’

ಹೌದು ಎಂದೆ. ಆಕೆ ಗಂಡನ ಕಿವಿಯ ಹತ್ತಿರ ಬಾಗಿ ಕೂಗಿದಳು: ‘ಫೋನಿನ್ಯಾಕಿ ಬಂದಾರ!’

ಆತ ಕಣ್ಣು ಬಿಟ್ಟು ನೋಡಿದ. ‘ಇಷ್ಟ ಸಣ್ಣಾಕಿ ಏನು? ದಿನಾ ಅಕಿನ ಹೆಸರ ಹೇಳಿ ಅಂಜಸ್ತಿದ್ದಿ ನನ್ನ’ ಎಂದ ಹೆಂಡತಿಗೆ.

‘ಗುಳಿಗಿ ನಿಲ್ಲಸಬೇಕ್ರಿ. ಇವತ್ತ, ಈಗ. ದವಾಖಾನಿಗೆ ಹೋಗಬೇಕು’ ಎಂದೆ.

ಆಕೆ ಒಪ್ಪಲಿಲ್ಲ. ಗುಳಿಗೆ ಚೀಲವನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಿಲಲ್ಲಿಟ್ಟುಕೊಂಡಳು. ‘ನೀವ ಹೇಳೀರಿ, ಏನ ಆದ್ರೂ ಬಿಡಬ್ಯಾಡ್ರಿ ಅಂತ. ವಾಂತಿ ಮಾಡ್ಕೊಂಡ್ರೂ ಬಿಟ್ಟಿಲ್ಲ ನಾ. ಬೈದು, ಅತ್ತು, ಬಾಯಾಗ ಹಾಕೀನಿ. ಈಗ ಬಂದು ಬಿಡ್ರಿ ಅಂದ್ರ ಹ್ಯಾಂಗ್ರಿ?’

ಅಣ್ಣ ಬಾಗಿಲಲ್ಲಿ ನಿಂತಿದ್ದ. ‘ಇನ್ನ ಎರಡು ಸಲ ತಪ್ಪಲ ಕುಡಿಸಿದ್ರ ಇಳಿತೈತ್ರಿ ಕಾಮಣಿ. ಹಾದಿ ಮ್ಯಾಗ ಹೆಚ್ಚುಕಮ್ಮಿ ಆದ್ರ ಯಾರ ಹೊಣಿ?’

ನಾನು ತರಗತಿಯಲ್ಲಿ ಮನವೊಲಿಸುವ ಮಾತಿಗೆ ಎಷ್ಟೋ ಮೆಟ್ಟಿಲು ಕಲಿಸಿದ್ದೇನೆ. ಅಲ್ಲಿ ಒಂದೂ ಹೊಳೆಯಲಿಲ್ಲ. ‘ನಾ ತಪ್ಪ ಹೇಳಿದ್ದೆ’ ಎಂದೆ. ‘ಏನ ಆದ್ರೂ ಅನ್ನಬಾರದಿತ್ತು. ಕಣ್ಣು ಹಳದಿ ಆದ್ರ ಬಿಡ್ರಿ ಅನ್ನೂದು ಅದರಾಗ ಇರಬೇಕಿತ್ತು. ನಾ ಬರಿಲಿಲ್ಲ.’

ಆಕೆ ಅಣ್ಣನ ಕಡೆ ನೋಡಲಿಲ್ಲ. ಗಂಡನ ಕಡೆ ನೋಡಿದಳು. ಆಮೇಲೆ ಎದ್ದು, ಚೀಲವನ್ನು ಗೋಡೆಯ ಮಾಡದಲ್ಲಿಟ್ಟು, ‘ಗಾಡಿ ಕರಸ್ರಿ’ ಎಂದಳು. ಸಂಯೋಜಕರು ಅಷ್ಟರಲ್ಲೇ ಆಂಬುಲೆನ್ಸ್ ಹೊರಡಿಸಿದ್ದರು. ಅದು ಬರುವವರೆಗಿನ ಹೊತ್ತು ನನ್ನ ನೆನಪಿನಲ್ಲಿ ಅರ್ಧ ದಿನ. ಡೈರಿಯಲ್ಲಿ ಬರೆದ ಪ್ರಕಾರ ಮುಕ್ಕಾಲು ಗಂಟೆ. ಆ ನಡುವೆ ಆಕೆ ನನಗೆ ಮದುವೆಯಾಗಿದೆಯೇ ಎಂದು ಕೇಳಿದಳು, ಇಲ್ಲ ಎಂದೆ.

ಆತ ಇಪ್ಪತ್ತು ದಿನ ದವಾಖಾನೆಯಲ್ಲಿದ್ದ. ಮೊದಲ ವಾರ ವೈದ್ಯರು ಏನನ್ನೂ ಖಚಿತವಾಗಿ ಹೇಳಲಿಲ್ಲ. ಆಮೇಲೆ ಹಳದಿ ಇಳಿಯಿತು. ಗುಳಿಗೆಗಳನ್ನು ಒಂದೊಂದಾಗಿ, ರಕ್ತ ಪರೀಕ್ಷೆ ಮಾಡುತ್ತ, ಮತ್ತೆ ಶುರುಮಾಡಿದರು. ಗುರುವಾರದ ಸಭೆಯಲ್ಲಿ ನಾನು ಮಧ್ಯಂತರ ವರದಿಯನ್ನು ಹಿಂದಕ್ಕೆ ಪಡೆದೆ. ಕಳಂಕ ಎಂದು ಬರೆದದ್ದು ತಪ್ಪು, ಜನ ಮುಚ್ಚಿಡುತ್ತಿರಲಿಲ್ಲ, ನಾವು ಕೇಳಿಸಿಕೊಳ್ಳುತ್ತಿರಲಿಲ್ಲ ಎಂದೆ. ಒಬ್ಬ ಸದಸ್ಯರು, ಒಂದು ಪ್ರಕರಣದಿಂದ ಇಡೀ ವಿಶ್ಲೇಷಣೆ ಬಿಡಬೇಕೇ ಎಂದು ಕೇಳಿದರು. ಬಿಡಬೇಕು ಎಂದೆ. ಪ್ರಬಂಧದ ಮಾತು ಮತ್ತೆ ಬರಲಿಲ್ಲ. ಮೂರು ಹೆಸರಿನ ಪದ್ಧತಿ ಉಳಿಯಿತು. ಮುಂಜಾನೆಯ ಸಂದೇಶವನ್ನು ನರಗುಂದದಾಕೆಯ ಧ್ವನಿಯಲ್ಲಿ ಹೊಸದಾಗಿ ಮುದ್ರಿಸಿದೆವು.

ಎರಡು ತಿಂಗಳ ಮೇಲೆ ಗಜೇಂದ್ರಗಡಕ್ಕೆ ಹೋದೆ. ಹೋಗುವ ಅಗತ್ಯವಿರಲಿಲ್ಲ. ಆದರೆ ಆ ಹೆಂಗಸಿಗೆ ಸಂದೇಶದ ತಪ್ಪನ್ನು ಹೇಳಿದ್ದೆನೇ ಹೊರತು ಕರೆಯ ತಪ್ಪನ್ನು ಹೇಳಿರಲಿಲ್ಲ. ಆತ ಮಗ್ಗದ ಮೇಲೆ ಕೂತಿದ್ದ. ಒಂದಿಷ್ಟು ನೇಯ್ದು, ಒಂದಿಷ್ಟು ಸುಮ್ಮನೆ ಕೂತು. ಆಕೆ ಚಕ್ರ ತಿರುಗಿಸಿ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಹೆಸರು ಹೇಳಬೇಕೆಂದು ನಿಯಮ ಮಾಡಿದವಳು ನಾನೇ ಎಂದು ಹೇಳಿದೆ.

ಆಕೆ ನಕ್ಕಳು. ‘ಲಗ್ನಾ ಆಗಿಲ್ಲ ಅಂದ್ರಲ್ಲ ಅವತ್ತ. ನಿಮಗ ಹ್ಯಾಂಗ ತಿಳಿಬೇಕ್ರಿ?’ ಚಕ್ರ ತಿರುಗಿಸುತ್ತ ಮುಂದುವರಿಸಿದಳು. ‘ನಂದೂ ತಪ್ಪೈತ್ರಿ. ಮೂರನೇ ಫೋನ್ ಆದ ಮ್ಯಾಲ ಮನಸು ಗಟ್ಟಿ ಮಾಡಿದೆ. ಹಿತ್ತಲದಾಗ ಹೋಗಿ, ಯಾರೂ ಇಲ್ಲದ ಹೊತ್ತಿನ್ಯಾಗ ಅಂದು ನೋಡಿದೆ. ಮೊದಲ ಬಾಯಿಗೆ ಬರಲಿಲ್ಲ. ಆಮ್ಯಾಲ ಬಂತು. ಮಂಗಳವಾರ ಮತ್ತ ನಿಮ್ಮ ಫೋನ್ ಬರ್ತೈತಿ, ಅಂದ ಬಿಡಬೇಕು, ಆಗಿದ್ದಾಗಲಿ ಅಂತ ಫೋನ್ ಉಡಿಯೊಳಗ ಇಟ್ಕೊಂಡು ಕುಂತೆ. ದಿನಾಪೂರ್ತಿ ಕುಂತೆ. ಬರಲಿಲ್ಲ. ಬುಧವಾರ ಪುರ್ತಗೇರಿಗೆ ಹೋದ್ವಿ. ಅಲ್ಲಿ ರೇಂಜ್ ಸಿಗಂಗಿಲ್ಲ.’

ಮೂರು ಸಲಕ್ಕೆ ನಂಬರು ತೆಗೆಯುವ ನಿಯಮವಿತ್ತು, ಅದಕ್ಕೆ ಬರಲಿಲ್ಲ ಎಂದೆ.

ಚಕ್ರ ನಿಂತಿತು. ‘ಮೂರ ಯಾಕ್ರಿ?’

‘ಬ್ಯಾಂಕಿನ್ಯಾಗ ಹಂಗ ಇರ್ತೈತಿ’ ಎಂದೆ.

ಆಕೆ ಕೈಯಲ್ಲಿದ್ದ ಕಂಡಿಕೆಯನ್ನು ಕೆಳಗಿಟ್ಟಳು. ಸಿಟ್ಟಿರಲಿಲ್ಲ, ಒಂದು ಲೆಕ್ಕ ಕೂಡದಿದ್ದಾಗ ನೋಡುವ ಹಾಗೆ ನನ್ನನ್ನು ನೋಡಿದಳು.

‘ಬ್ಯಾಂಕಿನವ್ರಿಗೆ ನಾವು ಯಾರೋ ಏನೋರಿ’ ಎಂದಳು. ‘ನಿಮಗ ಗೊತ್ತಿತ್ತಲ್ಲ, ಈ ಮನ್ಯಾಗ ಒಬ್ರಿಗೆ ಆರಾಮಿಲ್ಲ ಅಂತ.’